‘ಆ ಹತ್ತು ಲಕ್ಷ ಎಲ್ಲಿಂದ ಬಂತು, ಮಿಸ್?’: ಚಕ್ರಬಡ್ಡಿ ಪಾಠದ ಒಂದು ಅನುಭವ

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಉತ್ತರಹಳ್ಳಿಯ ಒಂದು ಪ್ರೌಢಶಾಲೆಗೆ ನಿಯೋಜಿಸಿದ್ದರು. ಎಂಟನೆಯ ತರಗತಿ, ಗಣಿತ, ಘಟಕ ಚಕ್ರಬಡ್ಡಿ. ಪಠ್ಯದ ಲೆಕ್ಕಗಳ ಜೊತೆಗೆ ಜೀವನಕ್ಕೆ ಹತ್ತಿರವಾದ ಒಂದು ಲೆಕ್ಕ ಇರಲಿ ಎಂದುಕೊಂಡೆ. ‘ವಿದೇಶದಲ್ಲಿ ಓದಿ’ ಎನ್ನುವ ಫಲಕಗಳನ್ನು ಮಕ್ಕಳು ಬಸ್ಸಿನಿಂದಲೇ ದಿನವೂ ನೋಡುತ್ತಾರೆ. ಪದವಿ ಮುಗಿಸಿದ ವರ್ಷ ನಾನೂ ಜರ್ಮನಿಗೆ ಹೋಗುವ ಲೆಕ್ಕ ಹಾಕಿ, ಕೈಬಿಟ್ಟವಳು. ಹಾಗಾಗಿ ಅಂಕಿಗಳು ನನಗೆ ಬಾಯಿಪಾಠವಾಗಿದ್ದವು.

ಮೊದಲ ಪಾಠ

ಜರ್ಮನಿಯ ವಿದ್ಯಾರ್ಥಿ ವೀಸಾ ಬೇಕೆಂದರೆ ಒಂದು ವರ್ಷದ ಜೀವನವೆಚ್ಚಕ್ಕೆ ಹಣವಿದೆ ಎಂದು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಸಾಮಾನ್ಯವಾಗಿ ಅದನ್ನು ವಿಶೇಷ ಖಾತೆಯೊಂದರಲ್ಲಿ ಮೊದಲೇ ಇಡುತ್ತಾರೆ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ. ಯೂರೊಗೆ 100 ರೂಪಾಯಿ ಎಂದು ಹಿಡಿದರೆ ಒಟ್ಟು 11,90,400 ರೂಪಾಯಿ.

ನಾನು ಕೊಟ್ಟ ಲೆಕ್ಕ ಹೀಗಿತ್ತು: ‘ಒಬ್ಬ ತಂದೆ 10,00,000 ರೂಪಾಯಿಯನ್ನು ಶೇ. 7ರ ಚಕ್ರಬಡ್ಡಿಯಲ್ಲಿ 3 ವರ್ಷ ಇಡುತ್ತಾರೆ. ಮಗಳ ಖರ್ಚಿಗೆ ಸಾಕಾಗುವುದೇ?’ ಮಕ್ಕಳು ಸೂತ್ರ ಹಾಕಿ 12,25,043 ಎಂದು ಉತ್ತರ ತೆಗೆದರು. ಸಾಕಾಗುತ್ತದೆ. ಪಾಠಯೋಜನೆಯ ಕಲಿಕಾ ಫಲ ಈಡೇರಿತ್ತು.

ಅಷ್ಟರಲ್ಲಿ ಮೂರನೆಯ ಬೆಂಚಿನ ಹುಡುಗಿ ಎದ್ದಳು. “ಮಿಸ್, ಆ ಹತ್ತು ಲಕ್ಷ ಅವರಿಗೆ ಎಲ್ಲಿಂದ ಬಂತು?”

“ಅದು ದತ್ತಾಂಶ ಕಣಮ್ಮ, ಲೆಕ್ಕದಲ್ಲೇ ಕೊಟ್ಟಿದೆ” ಎಂದೆ.

“ನಮ್ಮಮ್ಮ ತಿಂಗಳಿಗೆ ಐನೂರು ಚೀಟಿ ಕಟ್ತಾರೆ. ಹಂಗಾದ್ರೆ ಎಷ್ಟು ವರ್ಷ ಆಗುತ್ತೆ?”

ಮುಂದಿನ ಬೆಂಚಿನ ಹುಡುಗನೊಬ್ಬ ಆಗಲೇ ಭಾಗಿಸಿದ್ದ. ವರ್ಷಕ್ಕೆ 6,000. “ನೂರ ತೊಂಬತ್ತೆಂಟು ವರ್ಷ!” ತರಗತಿ ಗೊಳ್ಳೆಂದು ನಕ್ಕಿತು. ಅವಳು ಪುಸ್ತಕ ಮುಚ್ಚಿ ಕೂತಳು. ಗಂಟೆ ಹೊಡೆಯಿತು, ನಾನು ಮನೆಗೆಲಸ ಕೊಟ್ಟು ಹೊರಬಂದೆ.

ಮಾರ್ಗದರ್ಶಿ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ವಾಕ್ಯ ಬರೆದಿದ್ದರು: ‘ಲೆಕ್ಕ ಸರಿಯಿದೆ. ಮಗುವಿನ ಪ್ರಶ್ನೆಗೆ ಉತ್ತರ ಎಲ್ಲಿ?’

ಎಲ್ಲಿ ಎಡವಿದೆ

ಉತ್ತರ ತಪ್ಪಿರಲಿಲ್ಲ, ದತ್ತಾಂಶ ತಪ್ಪಿತ್ತು. ಹತ್ತು ಲಕ್ಷವನ್ನು ‘ಕೊಟ್ಟಿದೆ’ ಎಂದಾಗ, ಅದು ಇರುವ ಮನೆಯ ಮಕ್ಕಳಿಗಷ್ಟೇ ಈ ಲೆಕ್ಕ ಎಂದು ನಾನೇ ಹೇಳಿದಂತಾಯಿತು. ಇನ್ನೂ ದೊಡ್ಡ ತಪ್ಪೆಂದರೆ, 198 ಎಂಬ ಉತ್ತರವನ್ನು ನಗುವಿನಲ್ಲೇ ಮುಗಿಯಲು ಬಿಟ್ಟದ್ದು.

ಎರಡನೆಯ ಪಾಠ

ಮರುದಿನ ಆ ಹುಡುಗಿಯ ಪ್ರಶ್ನೆಯನ್ನೇ, ಅವಳ ಹೆಸರು ಹೇಳದೆ, ಕಪ್ಪುಹಲಗೆಯ ಮೇಲೆ ಬರೆದೆ: ‘ತಿಂಗಳಿಗೆ 500 ರೂಪಾಯಿ ಏನು ಮಾಡಬಲ್ಲದು, ಏನು ಮಾಡಲಾರದು?’ ಗುಂಪುಗಳಲ್ಲಿ ಮಕ್ಕಳು ಕಂಡುಕೊಂಡದ್ದು:

1. ಪ್ರತಿ ವರ್ಷದ ಕೊನೆಗೆ 6,000 ಕಟ್ಟಿ, ಶೇ. 7ರ ಚಕ್ರಬಡ್ಡಿ ಸಿಕ್ಕರೆ ಮೂರನೆಯ ವರ್ಷದ ಕೊನೆಗೆ 19,289.40 ರೂಪಾಯಿ. ಕಟ್ಟಿದ್ದು 18,000. ಬಡ್ಡಿ ನಿಜ, ಆದರೆ ಸಣ್ಣದು.

2. ಯೂರೊ 90ರಿಂದ 100 ರೂಪಾಯಿಗೆ ಏರಿದರೆ ಗುರಿ 1,19,040 ರೂಪಾಯಿ ದೂರ ಸರಿಯುತ್ತದೆ. ಅದು ಈ ಮನೆಯ ಸುಮಾರು ಇಪ್ಪತ್ತು ವರ್ಷದ ಉಳಿತಾಯ. ರೂಪಾಯಿಯಲ್ಲಿ ಉಳಿಸಿ ಯೂರೊದಲ್ಲಿ ಖರ್ಚು ಮಾಡುವವರು ಇದನ್ನು ಮರೆಯಬಾರದು.

3. ವಯಸ್ಕರ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ಅದಕ್ಕೆ ಮೂರು ತಿಂಗಳು ಸಾಕು.

4. ಸಾಲ ತಂದರೆ, ಕಟ್ಟದೆ ಬಿಟ್ಟ ಬಡ್ಡಿ ಅಸಲಿಗೆ ಸೇರಿದಾಗ ಅದೇ ಸೂತ್ರ ನಮ್ಮ ವಿರುದ್ಧ ಓಡುತ್ತದೆ.

ಆಮೇಲೆ ಖರ್ಚನ್ನು ಒಡೆದೆವು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ದೊಡ್ಡ ಮೊತ್ತ ಜೀವನವೆಚ್ಚದ್ದು. ಅದನ್ನು ಭರಿಸುವ ವಿದ್ಯಾರ್ಥಿವೇತನ ಸಿಕ್ಕರೆ ಅದರ ಪತ್ರವೇ ವೀಸಾಗೆ ಹಣದ ಪುರಾವೆಯಾಗಬಲ್ಲದು. ಪರಿಶಿಷ್ಟ ಜಾತಿ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು ಮೊದಲಾದವರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಗೂ ‘ಪ್ರಬುದ್ಧ’ ಯೋಜನೆಯಿದೆ.

ಕೊನೆಗೆ ನಮ್ಮವರದೇ ಒಂದು ಉದಾಹರಣೆ ಹೇಳಿದೆ. ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜೇಶ್ವರಿ ಚಟರ್ಜಿ 1947ರಲ್ಲಿ ಹಡಗೇರಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದದ್ದು ಸರ್ಕಾರದ ವಿದ್ಯಾರ್ಥಿವೇತನದಿಂದ. ಮುಂದೆ ಬಾರ್ಬರ್ ವಿದ್ಯಾರ್ಥಿವೇತನವೂ ಸಿಕ್ಕಿತು. 1953ರಲ್ಲಿ ಪಿಎಚ್.ಡಿ. ಪಡೆದು ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು.

ಮೂರನೆಯ ಬೆಂಚಿನ ಹುಡುಗಿ ಇದ್ಯಾವುದಕ್ಕೂ ಏನೂ ಹೇಳಲಿಲ್ಲ. ಪಾಠ ಮುಗಿದ ಮೇಲೆ ಬಂದು, “ಆ ವಿದ್ಯಾರ್ಥಿವೇತನಕ್ಕೆ ಎಷ್ಟು ಪರ್ಸೆಂಟ್ ಬೇಕು ಮಿಸ್?” ಎಂದಳು. ರಾಷ್ಟ್ರೀಯ ಯೋಜನೆಗೆ ಅರ್ಹತಾ ಪರೀಕ್ಷೆಯಲ್ಲಿ ಶೇ. 60 ಎಂದೆ. ಅದನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು.

ಸಹಪ್ರಶಿಕ್ಷಣಾರ್ಥಿಗಳಿಗೆ

ಹಣದ ಲೆಕ್ಕ ಕೊಡುವ ಮುನ್ನ ಅಸಲನ್ನು ಖಾಲಿ ಬಿಟ್ಟು ನೋಡಿ, ಮಕ್ಕಳೇ ತುಂಬಲಿ. ಉತ್ತರ ಕಹಿಯಾಗಿ ಬಂದರೆ ಮುಚ್ಚಿಡಬೇಡಿ, ಅಲ್ಲಿಗೇ ನಿಲ್ಲಿಸಲೂ ಬೇಡಿ. 198 ವರ್ಷ ಎಂಬುದು ಉಳಿತಾಯವೊಂದನ್ನೇ ನಂಬಿದರೆ ಬರುವ ಉತ್ತರ. ಬೇರೆ ದಾರಿಗಳನ್ನೂ ಅದೇ ಹಲಗೆಯ ಮೇಲೆ ತೋರಿಸುವುದು ಶಿಕ್ಷಕರ ಕೆಲಸ. ಆ ಲೆಕ್ಕವನ್ನು ಹಿಂದೆ ನನಗೂ ಯಾರಾದರೂ ಒಡೆದು ತೋರಿಸಬೇಕಿತ್ತು.