ಹೊನ್ನೆಯ ಲೋಟದ ನೀಲಿ ಬೆಳಕು

ಕುಂದಾಪುರದ ಕಡೆಯ ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುವ ಹೊನ್ನೆಮರದ ಲೋಟವನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ರಾತ್ರಿ ಅದರಲ್ಲಿ ನೀರು ತುಂಬಿಸಿಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದೆಂಬ ಮಾತು ಬೈಂದೂರಿನಿಂದ ಬ್ರಹ್ಮಾವರದವರೆಗೂ ಕೇಳಿಬರುತ್ತದೆ. ಆದರೆ ಆ ನೀರನ್ನು ಗಾಜಿನ ಪಾತ್ರೆಗೆ ಬಗ್ಗಿಸಿ ಬಿಸಿಲಿಗೆ ಹಿಡಿದು ನೋಡಿದವರು ಕಡಿಮೆ. ನೀರಿನ ಮೂಲಕ ಬೆಳಕನ್ನು ನೋಡಿದರೆ ಕಾಣುವುದು ಹೊಂಬಣ್ಣ. ಅದೇ ಪಾತ್ರೆಯನ್ನು ಕಪ್ಪು ಬಟ್ಟೆಯ ಮುಂದಿಟ್ಟು, ಸೂರ್ಯನಿಗೆ ಬೆನ್ನುಮಾಡಿ ನಿಂತು ನೋಡಿದರೆ ನೀರಿನ ಅಂಚಿನಲ್ಲಿ ತಿಳಿನೀಲಿಯ ಹೊಳಪು! ಭಾರತದ ಆಯುರ್ವೇದ ಔಷಧಕೋಶವು ‘ಅಸನ’ ಎಂಬ ಹೆಸರಿನಡಿಯಲ್ಲಿ ಈ ಮರದ ತಿರುಳಿಗೆ ಕೊಟ್ಟಿರುವ ಗುರುತುಗಳಲ್ಲಿ ಈ ನೀಲಿಯೂ ಒಂದು.

ಸಂಸ್ಕೃತದ ಅಸನ ಅಥವಾ ಬೀಜಕ, ಹಿಂದಿಯ ವಿಜಯಸಾರ, ತುಳುವಿನ ಬೆಂಗ, ಇವೆಲ್ಲವೂ ಸಸ್ಯಶಾಸ್ತ್ರಜ್ಞರು ಟೆರೋಕಾರ್ಪಸ್ ಮಾರ್ಸೂಪಿಯಂ ಎನ್ನುವ ಮರದ ಹೆಸರುಗಳೇ. ಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಮರದ ತೊಗಟೆಗೆ ಕತ್ತಿ ತಾಗಿದರೆ ರಕ್ತದಂತಹ ಕೆಂಪು ಅಂಟು ಒಸರುತ್ತದೆ. ಕಡಲಂಚಿನಲ್ಲಿ ಬೆಳೆದು ಬೀಜದಿಂದ ಎಣ್ಣೆ ಕೊಡುವ ಹೊನ್ನೆಯೇ ಬೇರೆ, ಇದೇ ಬೇರೆ. ಹೆಸರೊಂದೇ ಆದುದರಿಂದ ಮೋಸಹೋಗುವುದು ಸುಲಭ.

ಈ ನೀಲಿ ಎಲ್ಲಿಂದ ಬಂತು? ಮರದಿಂದ ನೀರಿಗಿಳಿದ ಕೆಲವು ಅಣುಗಳು ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತವೆ. ಹೀರಿದ ಶಕ್ತಿಯಿಂದ ಅಣುವಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೇರುತ್ತದೆ. ಅದರಲ್ಲಿ ಸ್ವಲ್ಪ ಭಾಗವನ್ನು ಶಾಖರೂಪದಲ್ಲಿ ಕಳೆದುಕೊಂಡು, ಉಳಿದುದನ್ನು ಬೆಳಕಾಗಿ ಹೊರಚೆಲ್ಲಿ ಮರಳಿ ಕೆಳಕ್ಕಿಳಿಯುತ್ತದೆ. ಶಕ್ತಿ ಕಡಿಮೆಯಾದಷ್ಟೂ ತರಂಗಮಾನ ಹೆಚ್ಚು. ಆದುದರಿಂದ ಕಾಣದ ಕಿರಣವು ಕಾಣುವ ನೀಲಿಯಾಗಿ ಹೊರಬರುತ್ತದೆ. ಇದೇ ಪ್ರತಿದೀಪ್ತಿ. ಈ ವಿದ್ಯಮಾನದ ಚರಿತ್ರೆಯೂ ಮರದ ನೀರಿನಿಂದಲೇ ಆರಂಭವಾಯಿತೆಂಬುದು ಸ್ವಾರಸ್ಯದ ಸಂಗತಿ. ಮೆಕ್ಸಿಕೋ ದೇಶದ ಒಂದು ಮರವನ್ನು ನೆನೆಸಿದ ನೀರು ಮೂತ್ರಪಿಂಡದ ರೋಗಕ್ಕೆ ಮದ್ದೆಂದು ಪ್ರಸಿದ್ಧವಾಗಿತ್ತು. ಸ್ಪೇನಿನ ವೈದ್ಯ ಮೊನಾರ್ಡೆಸನು 1565ರಲ್ಲಿ ಆ ನೀರಿನ ನೀಲಿಯನ್ನು ವರ್ಣಿಸಿದನು. ಅದಕ್ಕೆ ಆಮ್ಲ ಬೆರೆಸಿದರೆ ನೀಲಿ ಅಳಿಯುವುದನ್ನೂ ಕ್ಷಾರ ಬೆರೆಸಿದರೆ ಮರಳುವುದನ್ನೂ ರಾಬರ್ಟ್ ಬಾಯ್ಲನು 1664ರಲ್ಲಿ ಪ್ರಕಟಿಸಿದನು. ವಿವರಣೆ ದೊರೆತುದು ಮಾತ್ರ 1852ರಲ್ಲಿ, ಸ್ಟೋಕ್ಸನಿಂದ.

ಮೆಕ್ಸಿಕೋದ ಆ ಮರವನ್ನು ಮೂತ್ರಪಿಂಡದ ಮದ್ದೆಂದು ಅಲ್ಲಿ ಇಂದಿಗೂ ಬಳಸುವವರಿದ್ದಾರೆ. ಆದರೆ ನೀಲಿಯು ಆ ಗುಣಕ್ಕೆ ಸಾಕ್ಷಿಯಲ್ಲ. ಹೊನ್ನೆಯ ನೀಲಿಯೂ ಮರದಿಂದ ಏನೋ ಒಂದು ನೀರಿಗೆ ಇಳಿದಿದೆ ಎಂಬುದಕ್ಕಷ್ಟೇ ಸಾಕ್ಷಿ. ಎಷ್ಟು ಇಳಿದಿದೆ, ಅದು ರಕ್ತದಲ್ಲಿ ಏನು ಮಾಡುತ್ತದೆ ಎಂಬುದನ್ನು ಬೆಳಕು ಹೇಳಲಾರದು. ಅದಕ್ಕೆ ಬೇರೆಯೇ ಅಳತೆ ಬೇಕು.

ಅಂತಹ ಅಳತೆಯೊಂದು ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಾಲ್ಕು ಕೇಂದ್ರಗಳಲ್ಲಿ ನಡೆದ ಪರೀಕ್ಷೆಯ ಫಲ 1998ರಲ್ಲಿ ಪ್ರಕಟವಾಯಿತು. ಹೊಸದಾಗಿ ಮಧುಮೇಹ ಕಂಡುಬಂದ 97 ಮಂದಿಯಲ್ಲಿ 67 ಮಂದಿಗೆ 12 ವಾರಗಳಲ್ಲಿ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಬರಿಹೊಟ್ಟೆಯ ಸಕ್ಕರೆಯ ಸರಾಸರಿ, ಡೆಸಿಲೀಟರಿಗೆ 151 ಮಿಲಿಗ್ರಾಮಿನಿಂದ 32ರಷ್ಟು ಇಳಿಯಿತು. ಊಟದ ನಂತರದ್ದು 216ರಿಂದ 45ರಷ್ಟು. ಅಲಕ್ಷಿಸತಕ್ಕ ಇಳಿತವಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯುಂಟು. ಎರಡು ಮೂರು ತಿಂಗಳ ಸರಾಸರಿಯನ್ನು ತೋರುವ ಗ್ಲೈಕೇಟೆಡ್ ಹೀಮೋಗ್ಲೋಬಿನ್ ಶೇಕಡಾ 9.8ರಿಂದ 9.4ಕ್ಕೆ ಮಾತ್ರ ಬಂದಿತು. ಬಹುಪಾಲು ರೋಗಿಗಳಿಗೆ ವೈದ್ಯರು ಗುರಿಯಾಗಿಟ್ಟುಕೊಳ್ಳುವುದು ಸುಮಾರು 7. ಇದಲ್ಲದೆ, ಪರೀಕ್ಷೆಗೊಳಗಾದ ಎಲ್ಲರಿಗೂ ಮದ್ದನ್ನೇ ಕೊಟ್ಟುದರಿಂದ, ಮದ್ದಿಲ್ಲದ ಗುಂಪಿನೊಡನೆ ಹೋಲಿಸಿ ನೋಡುವ ಅವಕಾಶವಿರಲಿಲ್ಲ. ಪರೀಕ್ಷೆಗೆ ಸೇರಿದವನು ಊಟದಲ್ಲಿ ತಾನಾಗಿಯೇ ಎಚ್ಚರ ವಹಿಸುವುದು ಸಹಜ. ಇಳಿತದಲ್ಲಿ ಅದರ ಪಾಲೆಷ್ಟು, ಮದ್ದಿನ ಪಾಲೆಷ್ಟು? ಈ ಮರದಲ್ಲಿರುವ ಎಪಿಕ್ಯಾಟೆಚಿನ್ ಎಂಬ ವಸ್ತು ಇಲಿಗಳ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಮತ್ತೆ ಬೆಳೆಸುತ್ತದೆಂದು 1980ರ ದಶಕದ ಆರಂಭದಲ್ಲಿ ನಮ್ಮ ದೇಶದ ಸಂಶೋಧಕರು ವರದಿ ಮಾಡಿದರು. ಬೇರೆಡೆ ಅದೇ ಪ್ರಯೋಗ ಮಾಡಿದವರಿಗೆ ಆ ಫಲ ದೊರೆಯಲಿಲ್ಲ.

ಮೇಲಿನ ಪರೀಕ್ಷೆಯಲ್ಲಿ ಮದ್ದನ್ನು ಗ್ರಾಮುಗಳಲ್ಲಿ ತೂಗಿ ಕೊಟ್ಟಿದ್ದರು. ಲೋಟ ತೂಗಿ ಕೊಡುವುದಿಲ್ಲ. ಹೊಸ ಲೋಟದ ನೀರು ಮೊದಲ ದಿನಗಳಲ್ಲಿ ಗಾಢ, ಕೆಲವು ವಾರ ಕಳೆದರೆ ಪೇಲವ. ವರ್ಷಗಟ್ಟಲೆ ಬಳಸಿದ ಲೋಟದ ನೀರನ್ನು ವಿದ್ಯಾರ್ಥಿಯೊಬ್ಬನು ನಮಗೆ ತಂದು ತೋರಿಸಿದ್ದನು. ಅದರಲ್ಲಿ ಬಣ್ಣವೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಮನೆಯವರು ಅದನ್ನು ಶ್ರದ್ಧೆಯಿಂದ ಕುಡಿಯುತ್ತಲೇ ಇದ್ದರು.

ಆಯುರ್ವೇದವು ಪ್ರಮೇಹಕ್ಕೆ ಲೋಟವೊಂದನ್ನೇ ಹೇಳಿದೆಯೆಂದು ತಿಳಿಯುವುದು ಆ ಶಾಸ್ತ್ರಕ್ಕೇ ಮಾಡುವ ಅನ್ಯಾಯ. ಹಗಲುನಿದ್ರೆ, ಆಲಸ್ಯ, ವ್ಯಾಯಾಮವಿಲ್ಲದಿರುವಿಕೆ, ಸಿಹಿ ಮತ್ತು ಜಿಡ್ಡಿನ ಅತಿಸೇವನೆ, ಇವನ್ನು ಸುಶ್ರುತನು ರೋಗದ ಕಾರಣಗಳಲ್ಲಿ ಎಣಿಸುತ್ತಾನೆ. ರೋಗಿಯು ಊರಿಂದೂರಿಗೆ ನೂರು ಯೋಜನ ನಡೆಯಲಿ, ಗೋವುಗಳ ಹಿಂದೆ ಅಲೆಯಲಿ, ಬಾವಿ ತೋಡಲಿ ಎಂಬುದು ಅವನ ಚಿಕಿತ್ಸೆ. ನಮ್ಮ ಮುರಕಲ್ಲಿನ ನೆಲದಲ್ಲಿ ಬಾವಿ ತೋಡುವುದೆಂದರೆ ಸಣ್ಣ ವ್ಯಾಯಾಮವಲ್ಲ! ಗದ್ದೆಯ ಕೆಸರಿನಲ್ಲಿ ದಿನವಿಡೀ ದುಡಿದು ಕುಚ್ಚಲಕ್ಕಿ ಗಂಜಿ ಉಂಡವರ ಮೊಮ್ಮಕ್ಕಳು ಅದೇ ಗಂಜಿಯನ್ನು ಅಷ್ಟೇ ಉಂಡು ಕುರ್ಚಿಯಲ್ಲಿ ಕುಳಿತರೆ ಲೆಕ್ಕ ಸರಿಹೋಗುವುದೆಂತು? ಸುಶ್ರುತನ ಒಂದು ಮಾತನ್ನು ಮಾತ್ರ ನಾವು ಬಿಡಲೇಬೇಕು. ಬಡ ರೋಗಿಯು ಕಾಲಿಗೆ ಪಾದರಕ್ಷೆಯಿಲ್ಲದೆ ನಡೆಯಬೇಕೆಂದು ಅವನು ಹೇಳುತ್ತಾನೆ. ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ ತಿಳಿಯದು, ಗಾಯ ಬೇಗ ಮಾಯದು.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತುದಲ್ಲ. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಲೋಟ ಕೊಂಡ ವಾರದಲ್ಲೇ ಗುಳಿಗೆಗಳನ್ನು ನಿಲ್ಲಿಸಿದರು. ಮೈ ಹಗುರವಾಗಿದೆ ಎನ್ನುತ್ತಿದ್ದರು. ನಾಲ್ಕು ತಿಂಗಳ ಮೇಲೆ ಹಿಮ್ಮಡಿಯ ಗಾಯ ಕೊಳೆತು, ಎರಡು ಬೆರಳುಗಳನ್ನು ಕಳೆದುಕೊಂಡು ಮನೆಗೆ ಬಂದರು. ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಅವರ ರಕ್ತಪರೀಕ್ಷೆ ಆಗಿರಲಿಲ್ಲ. ಇಂದಿಗೂ ಅವರು ಹೊನ್ನೆಯ ನೀರು ಕುಡಿಯುತ್ತಾರೆ, ಗುಳಿಗೆಯನ್ನೂ ನುಂಗುತ್ತಾರೆ. ಎರಡೂ ಸೇರಿ ಸಕ್ಕರೆ ಮಿತಿಮೀರಿ ಇಳಿಯಬಾರದೆಂದು ಲೋಟದ ವಿಷಯವನ್ನು ವೈದ್ಯರಿಗೆ ತಿಳಿಸಿದ್ದಾರೆ. ಬೆರಳ ತುದಿಯ ರಕ್ತದಿಂದ ಸಕ್ಕರೆಯನ್ನಳೆಯುವ ಪುಟ್ಟ ಯಂತ್ರವೂ ಅವರ ಮನೆಯಲ್ಲಿದೆ. ಬರಿಹೊಟ್ಟೆಯ ಅಂಕಿ, ಊಟದ ಎರಡು ಗಂಟೆಯ ಅನಂತರದ ಅಂಕಿ, ಎರಡನ್ನೂ ಮೊಮ್ಮಗಳು ನೋಟುಪುಸ್ತಕದಲ್ಲಿ ದಿನಾಂಕಸಹಿತ ಬರೆಯುತ್ತಾಳೆ.

ಮನೆಯಲ್ಲಿ ಲೋಟವಿರುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಮೊದಲ ದಿನದ ನೀರನ್ನೂ ಮೂವತ್ತನೆಯ ದಿನದ ನೀರನ್ನೂ ಒಂದೇ ಬಗೆಯ ಗಾಜಿನ ಪಾತ್ರೆಗಳಲ್ಲಿ ಕಪ್ಪು ಬಟ್ಟೆಯ ಮುಂದೆ ಬಿಸಿಲಿಗಿಟ್ಟು ಹೋಲಿಸಿರಿ. ಬಳಿಕ ಒಂದಕ್ಕೆ ಎರಡು ಹನಿ ಲಿಂಬೆರಸವನ್ನೂ ಇನ್ನೊಂದಕ್ಕೆ ಚಿಟಿಕೆ ಅಡಿಗೆ ಸೋಡವನ್ನೂ ಬೆರೆಸಿ, ಬಾಯ್ಲನು ಮೆಕ್ಸಿಕೋದ ಮರದಲ್ಲಿ ಕಂಡುದು ನಮ್ಮ ಹೊನ್ನೆಯಲ್ಲಿಯೂ ಕಾಣುವುದೇ ಎಂದು ನೋಡಿರಿ. ಆ ನೀರನ್ನು ಮಾತ್ರ ಯಾರೂ ಕುಡಿಯತಕ್ಕುದಲ್ಲ.