ಅರಾದಿನ ನೆಟ್ಟ ಕಲ್ಲು

ಪ್ರಾಚೀನ ಇಸ್ರೇಲೀಯರ ಧರ್ಮವು ವಿಗ್ರಹಾರಾಧನೆಯನ್ನು ನಿಷೇಧಿಸಿತೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರ ಆರಾಧನೆಯಲ್ಲಿ ಕಲ್ಲಿಗೆ ಸ್ಥಾನವೇ ಇರಲಿಲ್ಲವೆ? ಇತ್ತು. ಮೂರ್ತಿಯನ್ನು ಕಡೆಯದ ಕಲ್ಲೊಂದನ್ನು ನೆಟ್ಟು, ಅದನ್ನು ದೇವರ ಸನ್ನಿಧಿಯ ಗುರುತೆಂದು ಭಾವಿಸುತ್ತಿದ್ದರು. ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ಮಸ್ಸೇಬಾ’ ಎಂದು ಹೆಸರು.

ಈ ಕಲ್ಲುಗಳ ವಿಷಯದಲ್ಲಿ ಬೈಬಲಿನ ಮಾತು ಒಂದೇ ತೆರನಾಗಿಲ್ಲ. ಆದಿಕಾಂಡದಲ್ಲಿ ಯಾಕೋಬನು ಬೇತೇಲಿನಲ್ಲಿ ಕಲ್ಲನ್ನು ನಿಲ್ಲಿಸಿ ಎಣ್ಣೆ ಹೊಯ್ಯುತ್ತಾನೆ. ಧರ್ಮೋಪದೇಶಕಾಂಡವಾದರೋ ಅಂಥ ಕಲ್ಲನ್ನು ನಿಲ್ಲಿಸಲೇಬಾರದೆಂದು ವಿಧಿಸುತ್ತದೆ. ಹಾಗಾದರೆ ಜನರು ವಾಸ್ತವವಾಗಿ ನಡೆದುಕೊಂಡದ್ದು ಹೇಗೆ? ಇದನ್ನು ನೆಲವನ್ನು ಅಗೆದೇ ತಿಳಿಯಬೇಕು.

ನೆಗೇವ್ ಮರುಭೂಮಿಯ ಉತ್ತರದಲ್ಲಿರುವ ಅರಾದ್, ಯೆಹೂದ ರಾಜ್ಯದ ಒಂದು ಗಡಿಕೋಟೆ. 1962ರಿಂದ 1967ರವರೆಗೆ ಯೋಹಾನಾನ್ ಅಹರೋನಿ ಅವರು ಇಲ್ಲಿ ಉತ್ಖನನ ನಡೆಸಿದಾಗ ಕ್ರಿ. ಪೂ. 8ನೆಯ ಶತಮಾನದ ಗುಡಿಯೊಂದು ಬೆಳಕಿಗೆ ಬಂದಿತು. ಅಂಗಳ, ಒಳಮನೆ, ಗರ್ಭಗೃಹ. ಗರ್ಭಗೃಹದ ಮುಂದೆ ಸುಣ್ಣಕಲ್ಲಿನ ಎರಡು ಧೂಪವೇದಿಕೆಗಳು. ಒಳಗೆ ತಲೆ ದುಂಡಾದ, ಕೆಂಪು ಬಣ್ಣದ ಕುರುಹುಳ್ಳ ಒಂದು ನೆಟ್ಟ ಕಲ್ಲು. ವಿಗ್ರಹವಿಲ್ಲ. ಗೋಡೆಯಲ್ಲಿ ಸೇರಿದ್ದ ಬೇರೆ ಕಲ್ಲುಗಳೂ ಮೊದಲು ಪೂಜೆಗೊಂಡವೇ ಎಂದು ಕೆಲವರು ವಾದಿಸುತ್ತಾರೆ. ಇದು ಬರಿಯ ಎಣಿಕೆಯ ಜಗಳವಲ್ಲ. ಕಲ್ಲು ಎರಡಾದರೆ ದೇವತೆಗಳೂ ಇಬ್ಬರೇ ಎಂಬ ಪ್ರಶ್ನೆ ಏಳುತ್ತದೆ. 1975–76ರಲ್ಲಿ ಅಗೆದ ಕುಂತಿಲ್ಲೆತ್ ಅಜ್ರೂದಿನ ಬರಹಗಳಲ್ಲಿ ಯೆಹೋವನ ಹೆಸರಿನೊಡನೆ ‘ಅಶೇರಾ’ ಎಂಬ ಹೆಸರೂ ಇದೆ. ಅದು ದೇವಿಯೋ ಪವಿತ್ರ ಸ್ತಂಭವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಪೂಜೆಯ ವಿಧಾನದ ಬಗೆಗೆ ಮಾತ್ರ ವಿಜ್ಞಾನವು ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸಿದೆ. ವೇದಿಕೆಗಳ ತಲೆಯ ಮೇಲೆ ಕಪ್ಪು ಪದಾರ್ಥ ಉಳಿದಿತ್ತು. ಇಂಥ ಪದಾರ್ಥವನ್ನು ದ್ರಾವಕದಲ್ಲಿ ಕರಗಿಸಿ, ಆವಿಯಾಗಿಸಿ, ನೀಳವಾದ ಸಣ್ಣ ಕೊಳವೆಯ ಮೂಲಕ ಅನಿಲದೊಡನೆ ಹಾಯಿಸಿದರೆ ಅದರ ಘಟಕಗಳು ಒಂದೊಂದಾಗಿ ಹೊರಬೀಳುತ್ತವೆ. ಆಗ ಎಲೆಕ್ಟ್ರಾನುಗಳು ಪ್ರತಿಯೊಂದು ಅಣುವನ್ನೂ ಒಡೆಯುತ್ತವೆ. ವಿದ್ಯುದಾವೇಶ ಪಡೆದ ಚೂರುಗಳನ್ನು ಅವುಗಳ ರಾಶಿಗೆ ತಕ್ಕಂತೆ ಬೇರ್ಪಡಿಸಬಹುದು. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವಂತೆ ಈ ರಾಶಿಗಳ ಸಾಲಿನಿಂದ ಅಣುವನ್ನು ಗುರುತಿಸುತ್ತೇವೆ.

2020ರಲ್ಲಿ ಪ್ರಕಟವಾದ ಫಲಿತಾಂಶವು ಅನೇಕರನ್ನು ಬೆರಗುಗೊಳಿಸಿತು. ಸುಮಾರು 52 ಸೆಂಟಿಮೀಟರ್ ಎತ್ತರದ ದೊಡ್ಡ ವೇದಿಕೆಯಲ್ಲಿ ಅರೇಬಿಯದ ಕಡೆಯಿಂದ ಬರುತ್ತಿದ್ದ ಸುಗಂಧದ ಮರದಂಟು, ಪ್ರಾಣಿಯ ಕೊಬ್ಬಿನೊಡನೆ. 40 ಸೆಂಟಿಮೀಟರಿನ ಚಿಕ್ಕದರಲ್ಲಿ ಗಾಂಜಾ, ಸಗಣಿಯೊಡನೆ! ಸಗಣಿಯೇಕೆ? ನಮ್ಮ ಬೆರಣಿಯಂತೆ ಅದು ಮೆಲ್ಲಗೆ, ಕಡಿಮೆ ಕಾವಿನಲ್ಲಿ ಉರಿಯುತ್ತದೆ. ಕಾವು ಹೆಚ್ಚಿದರೆ ಗಾಂಜಾದ ಮಾದಕಾಂಶ ಸುಟ್ಟುಹೋಗುತ್ತದೆ. ಮರದಂಟಿಗಾದರೋ ಹೆಚ್ಚು ಕಾವು ಬೇಕು. ಅದನ್ನು ಕೊಬ್ಬು ಕೊಡುತ್ತದೆ.

ವೇದಿಕೆಗಳನ್ನು ಯಾರೋ ಮಲಗಿಸಿ ಜಾಗರೂಕತೆಯಿಂದ ಮುಚ್ಚಿದ್ದರು. ಅರಸ ಹಿಜ್ಕೀಯನ ಧರ್ಮಸುಧಾರಣೆಯ ಫಲವಿದೆಂದು ಕೆಲವು ವಿದ್ವಾಂಸರ ಮತ. ಕಾರಣವೇನೇ ಇರಲಿ, ಪೂಜೆಯನ್ನು ನಿಲ್ಲಿಸಿದ ಆ ಮಣ್ಣೇ ಅದರ ಸಾಕ್ಷ್ಯವನ್ನು ಸುಮಾರು 2,700 ವರ್ಷ ಕಾಪಾಡಿತು. ಗ್ರಂಥವು ಹೀಗೆ ನಡೆಯಬೇಕೆಂದು ಹೇಳುತ್ತದೆ. ನಡೆದುದು ಹೇಗೆಂಬುದನ್ನು ಒಮ್ಮೊಮ್ಮೆ ಮಸಿಯೂ ಹೇಳಬಲ್ಲದು.