ನಾಲ್ಕು ಜ್ವರ, ನಾಲ್ಕು ದೀಪ

ರಾಮನಗರ ಸೀಮೆಯ ಮಕ್ಕಳಿಗೆ ಕಾಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ರೇಷ್ಮೆ ಸಾಕುವ ಮನೆಯ ಆರು ವರ್ಷದ ಮಗುವನ್ನು ಕೇಳಿ ನೋಡಿ. ಹುಳು ಗೂಡು ಕಟ್ಟಬೇಕಾದರೆ ನಾಲ್ಕು ಜ್ವರ ದಾಟಬೇಕು ಎಂದು ಅದೇ ನಿಮಗೆ ಹೇಳುತ್ತದೆ. ಜ್ವರವೆಂದರೆ ಇಲ್ಲಿ ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಹುಳು ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಹೆಚ್ಚುಕಡಿಮೆ ಒಂದು ದಿನ ಅದಕ್ಕೆ ಸೊಪ್ಪು ಹಾಕುವಂತಿಲ್ಲ, ಅಲುಗಿಸುವಂತಿಲ್ಲ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ, ಒಳಗೆ ಹೊಸ ಚರ್ಮ ಬೆಳೆಯುತ್ತಿರುತ್ತದೆ. ಮೊಟ್ಟೆ ಒಡೆದ ದಿನದಿಂದ ಹುಳು ಹಣ್ಣಾಗುವವರೆಗೆ ನಾಲ್ಕು ವಾರಕ್ಕೆ ಒಂದೆರಡು ದಿನ ಹೆಚ್ಚುಕಡಿಮೆ.

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ನವೆಂಬರ್ 30ರ ಸಂತ ಅಂದ್ರೇಯರ ಹಬ್ಬಕ್ಕೆ ಯಾವ ಭಾನುವಾರ ಹತ್ತಿರವೋ ಅಂದು ಶುರುವಾಗಿ, ನಾಲ್ಕು ಭಾನುವಾರ ದಾಟಿ, ಡಿಸೆಂಬರ್ 24ರ ರಾತ್ರಿಗೆ ಮುಗಿಯುತ್ತದೆ. ವರ್ಷ ನೋಡಿಕೊಂಡು 22ರಿಂದ 28 ದಿನ. 2026ರಲ್ಲಿ ನವೆಂಬರ್ 29ಕ್ಕೆ ಶುರು, ಒಟ್ಟು 26 ದಿನ. ಕನಕಪುರ, ಚನ್ನಪಟ್ಟಣದ ಕಡೆಯ ಮಕ್ಕಳಿಗೆ ವರ್ಷಗಟ್ಟಲೆ ಧರ್ಮೋಪದೇಶದ ತರಗತಿ ನಡೆಸಿದ ನನಗೆ ಕೊನೆಗೆ ಕೈಹಿಡಿದದ್ದು ಈ ಹುಳು ಮನೆಯ ಲೆಕ್ಕವೇ. "ಯೇಸುಸ್ವಾಮಿ ಬರೋಕೆ ಇನ್ನೂ ಎಷ್ಟು ದಿನ?" ಎಂದು ಮಕ್ಕಳು ಕೇಳಿದರೆ "ಎರಡನೇ ಜ್ವರ ಎದ್ದಿದೆ, ಇನ್ನೆರಡು ಇದೆ" ಅಂದರೆ ಸಾಕು, ಅವಕ್ಕೆ ತಿಳಿದುಬಿಡುತ್ತಿತ್ತು.

ನಾನು ಪೋಷಕರಿಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಆಗಮನ ಕಾಲವನ್ನು ಕ್ರಿಸ್‌ಮಸ್ ಮಾಡಬೇಡಿ. ಡಿಸೆಂಬರ್ ಒಂದಕ್ಕೇ ನಕ್ಷತ್ರ, ಸೀರಿಯಲ್ ಲೈಟು, ಕೇಕು, ಹೊಸಬಟ್ಟೆ ಎಲ್ಲ ಮುಗಿಸಿಬಿಟ್ಟರೆ 25ಕ್ಕೆ ಮಗುವಿನ ಕೈಗೆ ಕೊಡಲು ಏನೂ ಉಳಿಯುವುದಿಲ್ಲ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಿದ ಹಾಗೆ ಅದು.

ಇನ್ನು ಮನೆಯ ಪ್ರಾರ್ಥನೆ. ಎಷ್ಟು ಹೊತ್ತು ಎಂಬುದು ಎಲ್ಲರ ಮೊದಲ ಪ್ರಶ್ನೆ. ಐದು ನಿಮಿಷ, ಮಕ್ಕಳು ದೊಡ್ಡವರಾಗಿದ್ದರೆ ಹತ್ತು. ಅದಕ್ಕಿಂತ ಹೆಚ್ಚು ಬೇಡ. ಅರ್ಧ ಗಂಟೆಯ ಪ್ರಾರ್ಥನೆಯನ್ನು ಮೂರು ದಿನ ಮಾಡಿ ನಾಲ್ಕನೇ ದಿನ ಕೈಬಿಟ್ಟ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಅಪ್ಪ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರಬೇಕು, ಅಮ್ಮ ಗಾರ್ಮೆಂಟ್ಸ್‌ನಿಂದ ಬಂದು ಮುದ್ದೆ ತಿರುವಬೇಕು. ಇಂಥ ಮನೆಗೆ ಸಂಜೆ ಏಳು ಗಂಟೆ ಎಂಬ ಗೊತ್ತು ನಿಲ್ಲುವುದಿಲ್ಲ. ಊಟದ ತಟ್ಟೆ ಹಾಕುವ ಮುಂಚೆ ಎಂದಿಟ್ಟುಕೊಳ್ಳಿ. ಗಡಿಯಾರ ತಪ್ಪಿದರೂ ಊಟ ತಪ್ಪುವುದಿಲ್ಲವಲ್ಲ. ಒಂದು ದಿನ ತಪ್ಪಿತೆಂದು ಮಾರನೆಯ ದಿನ ಎರಡು ದಿನದ್ದನ್ನು ಒಟ್ಟಿಗೆ ಓದಿ ಸರಿಮಾಡಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಇಂದಿನದನ್ನು ಮಾಡಿ.

ಏನು ಓದಬೇಕು? ಲೂಕನ ಶುಭಸಂದೇಶದಲ್ಲಿ 24 ಅಧ್ಯಾಯವಿದೆ, ಡಿಸೆಂಬರ್ ಒಂದರಿಂದ ದಿನಕ್ಕೊಂದು ಓದಿ ಎಂದು ಹಲವರು ಹೇಳುತ್ತಾರೆ. ದೊಡ್ಡವರಿಗೆ ಒಳ್ಳೆಯದೇ. ಮಕ್ಕಳಿಗೆ ನಾನು ಹೇಳುವುದಿಲ್ಲ. ಮೊದಲ ಅಧ್ಯಾಯವೊಂದರಲ್ಲೇ 80 ವಚನಗಳಿವೆ. ಮೇಲಾಗಿ ಕ್ರಿಸ್‌ಮಸ್ ಬರುವ ಹೊತ್ತಿಗೆ ಓದು ಶಿಲುಬೆ, ಪುನರುತ್ಥಾನ ದಾಟಿ ಹೋಗಿರುತ್ತದೆ. ಬದಲಿಗೆ ಹೀಗೆ ಮಾಡಿ. ಲೂಕನ ಮೊದಲ ಅಧ್ಯಾಯ, ಮತ್ತಾಯನ ಮೊದಲ ಅಧ್ಯಾಯದಲ್ಲಿ ಜೋಸೆಫರ ಕನಸು ಬರುವ ಕೊನೆಯ 8 ವಚನ, ಲೂಕನ ಎರಡನೇ ಅಧ್ಯಾಯದ ಮೊದಲ 20 ವಚನ. ಒಟ್ಟು 108. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ನಾಲ್ಕು ವಚನ ಬೀಳುತ್ತದೆ. ನಾಲ್ಕು ವಚನವನ್ನು ಎರಡನೇ ಕ್ಲಾಸಿನ ಮಗು ತಡವರಿಸಿಕೊಂಡಾದರೂ ತಾನೇ ಓದಬಲ್ಲದು. ಓದಲಿ ಬಿಡಿ, ನಡುವೆ ತಿದ್ದಬೇಡಿ.

ಈ ಕಥೆಗೆ ನೀವು ಅರ್ಥ ಹೇಳುವುದಕ್ಕಿಂತ ಮಕ್ಕಳು ಕಂಡಿರುವುದನ್ನು ನೆನಪಿಸಿ. ಹಳ್ಳಿಯ ಹುಡುಗಿ ಮರಿಯ ಬಸುರಿ. ನಮ್ಮ ಕಡೆ ಬಸುರಿ ಹೆಣ್ಣುಮಗಳು ಆರೈಕೆಗೆ ತವರಿಗೆ ಹೋಗುತ್ತಾಳೆ. ಮರಿಯ ಹೋದದ್ದು ಇನ್ನೊಬ್ಬ ಬಸುರಿಯ ಮನೆಗೆ, ವಯಸ್ಸಾದ ಎಲಿಜಬೇತಳ ಹತ್ತಿರ, ಬೆಟ್ಟದ ಸೀಮೆಗೆ. ಅಲ್ಲಿ ಮೂರು ತಿಂಗಳಿದ್ದಳು. "ಆ ಮೂರು ತಿಂಗಳು ಅವಳು ಅಲ್ಲಿ ಏನೇನು ಕೆಲಸ ಮಾಡಿರಬಹುದು?" ಎಂದು ಕೇಳಿ ಸುಮ್ಮನಾಗಿ. ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು ತಟ್ಟನೆ "ನೀರು ಸೇದಿರ್ತಾಳೆ, ಅಜ್ಜಿಗೆ ಬಗ್ಗೋಕಾಗಲ್ವಲ್ಲ" ಅಂದಳು. ಆ ಮಾತಿಗಿಂತ ಒಳ್ಳೆಯ ಪ್ರಸಂಗವನ್ನು ನಾನು ಕೇಳಿಲ್ಲ.

ಎಲಿಜಬೇತಳ ಗಂಡ, ಮಾತು ಹೋದ ಜಕರೀಯನ ಕಥೆ ಬಂದ ದಿನ ಒಂದು ನಿಮಿಷ ಮನೆಮಂದಿಯೆಲ್ಲ ಮೌನವಾಗಿರಿ. ಮೂರು ವರ್ಷದ್ದು ಕಿಸಕ್ಕನೆ ನಕ್ಕರೆ ನಗಲಿ. ವಾರಕ್ಕೊಂದು ಸಂಜೆ ಓದುವ ಬದಲು ಕಥೆಯನ್ನು ನಾಟಕವಾಗಿ ಆಡಿಸಿ. ಅರ್ಕಾವತಿ ದಂಡೆಯ ಹಾರೋಬೆಲೆಯ ಜನಕ್ಕೆ ಇದನ್ನು ಹೇಳಿಕೊಡಬೇಕಿಲ್ಲ. ಹೆಚ್ಚಿನ ಮನೆಗಳು ಕಥೋಲಿಕರವೇ ಆಗಿರುವ ಆ ಊರಿನಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಯೇಸುವಿನ ಪಾಡುಮರಣದ ನಾಟಕವನ್ನು ಊರವರೇ ಆಡುತ್ತಾರೆ. ಮನೆಯಲ್ಲಿ ಅಪ್ಪನ ಬಿಳಿ ಪಂಚೆ ಹೊದ್ದವನು ದೇವದೂತ ಗಬ್ರಿಯೇಲ, ಅಡುಗೆಮನೆ ಬಾಗಿಲಲ್ಲಿ ನಿಂತವಳು ಮರಿಯ. ಇಷ್ಟರಲ್ಲಿ ಕಥೆ ಮಗುವಿನ ಮೈಗೆ ಹತ್ತುತ್ತದೆ.

ದೀಪದ ವಿಚಾರಕ್ಕೆ ಬರುತ್ತೇನೆ. ಹಸಿರು ಬಳೆಯ ಮೇಲೆ ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾ ಹೋಗುವ ಪದ್ಧತಿ ದೊಡ್ಡ ದೇವಾಲಯಗಳಿಂದ ಬಂದದ್ದಲ್ಲ, ಬಡಮಕ್ಕಳಿಗಾಗಿ ಹುಟ್ಟಿದ್ದು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಬೋಧಕ ದಿಕ್ಕಿಲ್ಲದ ಮಕ್ಕಳನ್ನು ಸಾಕುತ್ತಿದ್ದ. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದವು. 1839ರಲ್ಲಿ ಅವನು ಹಳೆಯ ಗಾಡಿಯ ಚಕ್ರವೊಂದಕ್ಕೆ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ಕೂರಿಸಿ, ದಿನಕ್ಕೊಂದು ಹಚ್ಚಿದ. ನಾಲ್ಕು ಬತ್ತಿಯ ಈಗಿನ ರೂಪ ಅದರಿಂದಲೇ ಬೆಳೆದದ್ದು. ಕಥೋಲಿಕರು ಅದನ್ನು ತಮ್ಮದಾಗಿಸಿಕೊಂಡದ್ದು ಆಮೇಲೆ.

ಆದ್ದರಿಂದ ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಬಳೆ ತರಿಸಬೇಡಿ. ಹೊರೆ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬೆ ಇದೆಯಲ್ಲ, ಅದನ್ನೇ ಹುಲ್ಲಿನಲ್ಲಿ ದೊಡ್ಡದಾಗಿ ಸುತ್ತಿಸಿ. ಅಜ್ಜಿ ಇದ್ದರೆ ಅಜ್ಜಿಯ ಕೈಯಲ್ಲೇ ಸುತ್ತಿಸಿ, ಮಕ್ಕಳು ಪಕ್ಕದಲ್ಲಿ ಕೂರಲಿ. ಸರ್ವೆ ಮರದ ರೆಂಬೆ ಅಥವಾ ಮಾವಿನ ಸೊಪ್ಪು ಸಿಕ್ಕಿಸಿ. ಮೂರು ಬತ್ತಿ ನೇರಳೆ, ಮೂರನೇ ಭಾನುವಾರದ್ದು ಮಾತ್ರ ಗುಲಾಬಿ, ಏಕೆಂದರೆ ಅದು ಸಂತೋಷದ ಭಾನುವಾರ. ನೇರಳೆ ಬತ್ತಿ ಸಿಗದಿದ್ದರೆ ಬಿಳಿಯದಕ್ಕೆ ನೇರಳೆ ರಿಬ್ಬನ್ ಕಟ್ಟಿದರಾಯಿತು. ಹಣತೆಯಾದರೂ ನಡೆಯುತ್ತದೆ. ಒಂದು ಎಚ್ಚರ: ಒಣಗಿದ ಸರ್ವೆ, ಹುಲ್ಲು ಎರಡೂ ಭಗ್ಗನೆ ಹತ್ತಿಕೊಳ್ಳುತ್ತವೆ. ಸಿಂಬೆಯನ್ನು ಮರಳು ಹಾಕಿದ ಅಗಲದ ತಟ್ಟೆಯಲ್ಲಿಟ್ಟು, ಬತ್ತಿಗಳನ್ನು ನಡುವಿನ ಮರಳಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಸೊಪ್ಪು ಬದಲಿಸಿ, ಪ್ರಾರ್ಥನೆ ಮುಗಿದ ಕೂಡಲೇ ಆರಿಸಿ. ಆರಿಸುವ ಕೆಲಸ ಚಿಕ್ಕವರದು. ಅದಕ್ಕಾಗಿಯೇ ಅವು ಐದು ನಿಮಿಷ ಅಲ್ಲಾಡದೆ ಕೂರುತ್ತವೆ. ರೇಷ್ಮೆ ಬೆಳೆ ಇರುವ ಮನೆಯವರು ಹುಳು ಮನೆಯಲ್ಲೇ ಪ್ರಾರ್ಥನೆ ಮಾಡುವುದಾದರೆ ಬತ್ತಿ, ಊದುಬತ್ತಿ ಎರಡೂ ಬೇಡ, ಹುಳುವಿಗೆ ಹೊಗೆ ಆಗದು. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಹನಿದಂತೆ ಕೇಳುತ್ತದೆ. ಆ ಸದ್ದಿನ ನಡುವೆ ಒಂದು ಪರಲೋಕ ಮಂತ್ರ ಹೇಳಿ ನೋಡಿ.

ಗೋದಲಿಯ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಹುಲ್ಲು ಹರಡಿ, ನಿಜವಾದ ಎತ್ತು ಕತ್ತೆ ತಂದು ನಿಲ್ಲಿಸಿ ಮೊದಲ ಗೋದಲಿ ಮಾಡಿದರು. ಬಂದವರಿಗೆ ಕಣ್ಣಾರೆ ಕಾಣಲಿ ಎಂಬುದಷ್ಟೇ ಅವರ ಆಸೆ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ಜಾಗ. ರಾಮನಗರದ ಬಡಾವಣೆಯಲ್ಲಿ ಬೆಳೆದ ಮಗುವಿಗೆ ಈ ಪದ ಗೊಂಬೆಗಳ ಸಾಲಾಗಿ ಮಾತ್ರ ಗೊತ್ತು. ಒಂದು ಭಾನುವಾರ ಪೂಜೆಯಿಂದ ಬರುವಾಗ ಗೊತ್ತಿದ್ದವರ ಕೊಟ್ಟಿಗೆಗೆ ಕರೆದುಕೊಂಡು ಹೋಗಿ. ಸಗಣಿ, ಗಂಜಲದ ವಾಸನೆ ಮೂಗಿಗೆ ಬಡಿಯಲಿ. ದೇವರ ಮಗ ಇಂಥ ಕಡೆ ಹುಟ್ಟಿದ ಎಂಬುದನ್ನು ಆಮೇಲೆ ನೀವು ಹೇಳಬೇಕಾಗುವುದಿಲ್ಲ.

ಪಿಂಗಾಣಿಯ ಗೊಂಬೆ ತಂದು "ಮುಟ್ಟಬೇಡ" ಎಂದು ತಿಂಗಳಿಡೀ ಗದರುವುದಕ್ಕಿಂತ ಮಕ್ಕಳು ಹಿಡಿದು ಆಡಬಲ್ಲ ಗೊಂಬೆ ಇಡಿ. ಚನ್ನಪಟ್ಟಣ ಪಕ್ಕದಲ್ಲೇ ಇದೆ. ಆಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಹತ್ತಿಸುವ ಅಲ್ಲಿನ ಕುಶಲಕರ್ಮಿಗಳನ್ನು ಕೇಳಿದರೆ ದುಂಡನೆಯ ಮರಿಯ, ಜೋಸೆಫ, ಕುರುಬ, ಕುರಿಮರಿ ಮಾಡಿಕೊಟ್ಟಾರು. ಕೈಜಾರಿ ಬಿದ್ದರೂ ಒಡೆಯುವುದಿಲ್ಲ. ಮೊದಲ ವಾರ ಖಾಲಿ ಕೊಟ್ಟಿಗೆ, ಆಮೇಲೆ ದನ, ಆಮೇಲೆ ಕುರುಬರು. ಮರಿಯ, ಜೋಸೆಫರನ್ನು ಮನೆಯ ಇನ್ನೊಂದು ತುದಿಯ ಕಿಟಕಿಯಲ್ಲಿಟ್ಟು ಮಕ್ಕಳು ದಿನಕ್ಕೊಂದು ಗೇಣು ಮುಂದಕ್ಕೆ ನಡೆಸಲಿ. ಮಗು ಯೇಸು ಮಾತ್ರ ಬೀರುವಿನಲ್ಲಿರಲಿ, 24ರ ರಾತ್ರಿಯವರೆಗೆ.

ಒಳ್ಳೆಯ ಕೆಲಸಕ್ಕೆ ಒಂದೊಂದು ಹುಲ್ಲೆಸಳನ್ನು ಗೋದಲಿಗೆ ಹಾಕುವ ಪದ್ಧತಿ ಹಲವು ಮನೆಗಳಲ್ಲಿದೆ. ಚೆನ್ನಾಗಿಯೇ ಇದೆ, ಆದರೆ "ನಾನು ಹನ್ನೆರಡು, ಅಣ್ಣ ಐದೇ" ಎಂಬ ಲೆಕ್ಕ ಶುರುವಾದ ದಿನ ನಿಲ್ಲಿಸಿಬಿಡಿ. ಯಾರು ಹಾಕಿದ್ದೆಂದು ಯಾರಿಗೂ ಹೇಳಬಾರದು ಎಂಬ ಕಟ್ಟು ಮಾಡಿದರೆ ಸರಿಹೋಗುತ್ತದೆ. ಡಿಸೆಂಬರ್ ಅವರೆಕಾಯಿಯ ಕಾಲ. ಸೊಗಡಿನ ಅವರೆ ಸುಲಿಯಲು ಅಮ್ಮನ ಪಕ್ಕ ಕೂತದ್ದಕ್ಕೂ ಒಂದೆಸಳು ಸಲ್ಲಬೇಕು. ಕಣದಲ್ಲಿ ರಾಗಿ ತೂರುವವರಿಗೆ ನೀರು ಕೊಂಡೊಯ್ದದ್ದಕ್ಕೂ.

ಹದಿನಾಲ್ಕು, ಹದಿನೈದರ ಮಕ್ಕಳು ಮೊಬೈಲಿನಿಂದ ತಲೆ ಎತ್ತದೆ ಕೂತರೆ ಬಯ್ಯಬೇಡಿ. ಅವರಿಗೆ ಗೊಂಬೆ ಸಾಲದು, ಜವಾಬ್ದಾರಿ ಬೇಕು. ಕ್ಯಾರೆಲ್ಸ್ ಹಾಡಿನ ಅಭ್ಯಾಸ, ಒಂಟಿಯಾಗಿರುವ ಮುದುಕರ ಮನೆಗೆ ಪದಾರ್ಥ ಮುಟ್ಟಿಸುವುದು, ಇವನ್ನು ಅವರ ಹೆಗಲಿಗೆ ಹಾಕಿ. ಅವರ ಪ್ರಶ್ನೆಗಳಿಗೂ ಜಾಗ ಬಿಡಿ. 2019ರ ಕ್ರಿಸ್‌ಮಸ್ ದಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು, ಮುಂದಿನ ಜನವರಿಯಲ್ಲಿ ಕನಕಪುರದಲ್ಲಿ ಅದರ ವಿರುದ್ಧ ಮೆರವಣಿಗೆ ನಡೆಯಿತು. ಆಗ ನನ್ನ ತರಗತಿಯ ದೊಡ್ಡ ಹುಡುಗರು "ನಮ್ಮನ್ನು ಕಂಡರೆ ಅವರಿಗೆ ಆಗಲ್ವಾ ಸಾರ್?" ಎಂದು ಕೇಳಿದರು. ನಾನು ರಾಜಕೀಯ ಹೇಳಲಿಲ್ಲ. ನಿಮ್ಮ ಪಕ್ಕದ ಮನೆಯವರ ಹೆಸರು ಹೇಳಿ ಎಂದೆ. ಒಬ್ಬೊಬ್ಬನೂ ಹೇಳಿದ. ಆ ಹೆಸರುಗಳನ್ನೇ ಹಿಡಿದು ಒಬ್ಬೊಬ್ಬರಿಗಾಗಿ ಪ್ರಾರ್ಥಿಸಿದೆವು. ದೀಪಾವಳಿಗೆ ನಮ್ಮ ಮನೆಗಳಿಗೆ ಕಜ್ಜಾಯ ಕೊಟ್ಟವರು ಅವರಲ್ಲಿ ಬಹಳ ಮಂದಿ ಇದ್ದರು. ಮನೆಯ ಪ್ರಾರ್ಥನೆಯಲ್ಲಿ ದಿನಕ್ಕೊಬ್ಬ ನೆರೆಯವರ ಹೆಸರು ಸೇರಿಸುವುದನ್ನು ಅಂದಿನಿಂದ ಎಲ್ಲ ಪೋಷಕರಿಗೂ ಹೇಳುತ್ತಿದ್ದೇನೆ.

ಡಿಸೆಂಬರ್ ಎಂಟು, ಹತ್ತರ ಸುಮಾರಿಗೆ ಎರಡು ಹಳೆಯ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿಸಿ. ದಿನವೂ ನೀರು ಚಿಮುಕಿಸುವುದು ಮಕ್ಕಳ ಪಾಲು. ನಾಲ್ಕೈದು ದಿನ ಏನೂ ಕಾಣುವುದಿಲ್ಲ. ಮಕ್ಕಳು ಮಣ್ಣು ಕೆದಕಿ ನೋಡಲು ಹೊರಡುತ್ತವೆ, ಬಿಡಬೇಡಿ. ಹಬ್ಬದ ಹೊತ್ತಿಗೆ ಕೊಟ್ಟಿಗೆಯ ಮುಂದೆ ಇಡಲು ಹಸಿರು ಹೊಲ ಸಿದ್ಧವಾಗಿರುತ್ತದೆ. 24ರ ನಡುರಾತ್ರಿಯ ಬಲಿಪೂಜೆ ಮುಗಿಸಿ, ಕೆಲವು ಮನೆಯವರು ಸಂಜೆಯ ಆರಾಧನೆ ಮುಗಿಸಿ ಬಂದ ಮೇಲೆ ದೀಪಗಳನ್ನೆಲ್ಲ ಆರಿಸಿ, ಮನೆಯ ಅತಿ ಚಿಕ್ಕ ಮಗುವಿನ ಕೈಗೆ ಬೀರುವಿನಲ್ಲಿದ್ದ ಮಗು ಯೇಸುವಿನ ಗೊಂಬೆಯನ್ನು ಕೊಡಿ. ಮಗು ನಿದ್ದೆಗಣ್ಣಲ್ಲಿದ್ದರೂ ಎತ್ತಿಕೊಂಡು ಹೋಗಿ ಗೋದಲಿಯಲ್ಲಿ ಇಡಿಸಿ. ಜನವರಿ ಆರರವರೆಗೆ ಗೋದಲಿ ಇರಲಿ. ತೆಗೆಯುವ ದಿನ ರಾಗಿ ಪೈರನ್ನು ತಿಪ್ಪೆಗೆ ಎಸೆಯಬೇಡಿ. ಆ ಭಾನುವಾರ ಯಾರ ಕೊಟ್ಟಿಗೆಗೆ ಹೋಗಿದ್ದಿರೋ ಅದೇ ಹಸುವಿನ ಮುಂದೆ ಮಕ್ಕಳು ಅದನ್ನು ಹಾಕಿ ಬರಲಿ.